ಸಫಾರಿಯ ಹಣ ದನಗಾಹಿಯ ಹಟ್ಟಿ ತಲುಪಲಿ

ಕೆನ್ಯಾದ ಮಸಾಯಿ ಮಾರಾ ವನ್ಯಜೀವಿ ಮೀಸಲು ಪ್ರದೇಶ ನೋಡಲು ಹೋಗುವ ವಿದೇಶಿಯರು ಜುಲೈನಿಂದ ಡಿಸೆಂಬರ್‌ವರೆಗೆ ದಿನಕ್ಕೆ ತಲಾ 200 ಡಾಲರ್ ಪ್ರವೇಶ ಶುಲ್ಕ ಕಟ್ಟಬೇಕು. 2024ರ ಜುಲೈನಲ್ಲಿ ಜಾರಿಗೆ ಬಂದ ದರ ಇದು. ವರ್ಷದ ಮೊದಲಾರ್ಧದಲ್ಲಿ 100 ಡಾಲರ್. ಟಿಕೆಟ್ ನಡೆಯುವುದು ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಮಾತ್ರ. ವಾಸ, ಊಟ, ಜೀಪು, ವಿಮಾನದ ಖರ್ಚೆಲ್ಲ ಬೇರೆ. ದುಬಾರಿಯಾಯಿತು ಎಂದು ಟೂರ್ ಆಪರೇಟರ್‌ಗಳು ತಕರಾರು ತೆಗೆದರು. ಆದರೂ ಜನ ಬರುವುದು ನಿಲ್ಲಲಿಲ್ಲ. 2024ರಲ್ಲಿ ಕೆನ್ಯಾಕ್ಕೆ ಬಂದ ವಿದೇಶಿಯರ ಸಂಖ್ಯೆ 23 ಲಕ್ಷ ದಾಟಿತು. ಅದೇ ವರ್ಷ ಆಫ್ರಿಕಾ ಖಂಡಕ್ಕೆ 7.4 ಕೋಟಿ ವಿದೇಶಿ ಪ್ರವಾಸಿಗರು ಬಂದರೆಂದು ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ ಲೆಕ್ಕ ಹಾಕಿದೆ. ಕೋವಿಡ್‌ಗೆ ಮುಂಚಿನ 2019ಕ್ಕಿಂತ ಇದು ಶೇ 7ರಷ್ಟು ಹೆಚ್ಚು.

ಹಾಗಾಗಿ ಆಫ್ರಿಕಾದ ಪ್ರವಾಸೋದ್ಯಮಕ್ಕೆ ಜನರ ಕೊರತೆಯೇ ದೊಡ್ಡ ತೊಂದರೆ ಎಂಬ ಹಳೆಯ ಮಾತು, ಕನಿಷ್ಠ ಪೂರ್ವ ಆಫ್ರಿಕಾದ ಮಟ್ಟಿಗೆ, ಈಗ ಹೊಂದುವುದಿಲ್ಲ. ಬಂದವರು ಕೊಟ್ಟ ದುಡ್ಡು ಯಾರ ಕೈ ಸೇರುತ್ತದೆ, ಅವರು ನೋಡಲು ಬಂದ ಪ್ರಾಣಿಗಳು ಮೇಯುವ ನೆಲ ಯಾರದು ಎಂಬ ಎರಡು ಪ್ರಶ್ನೆಗಳು ಅದಕ್ಕಿಂತ ಕಠಿಣವಾದವು. ಈ ಎರಡಕ್ಕೂ ಸರಿಯಾದ ಉತ್ತರ ಸಿಗದಿದ್ದರೆ ‘ಸುಸ್ಥಿರ ಪ್ರವಾಸೋದ್ಯಮ’ ಎಂಬುದು ಲಾಡ್ಜ್‌ಗಳ ಜಾಹೀರಾತಿನಲ್ಲಷ್ಟೇ ಉಳಿಯುತ್ತದೆ. ಉತ್ತರ ಹುಡುಕುವುದಕ್ಕೆ ಮಾರಾ ಮತ್ತು ಅದಕ್ಕೆ ಅಂಟಿಕೊಂಡಿರುವ ತಾಂಜಾನಿಯಾದ ಸೆರೆಂಗೆಟಿಗಿಂತ ಒಳ್ಳೆಯ ಜಾಗ ಇಲ್ಲ. ಒಂದೇ ಹುಲ್ಲುಗಾವಲು, ಒಂದೇ ಪ್ರಾಣಿಸಮೂಹ, ಎರಡೂ ಕಡೆ ಅದೇ ಮಸಾಯಿ ಜನ. ಆದರೆ ಎರಡು ಸರ್ಕಾರಗಳು ಹಿಡಿದ ದಾರಿ ಬೇರೆ ಬೇರೆ.

ಪ್ರತಿ ವರ್ಷ ಹನ್ನೆರಡು ಲಕ್ಷಕ್ಕೂ ಹೆಚ್ಚು ವೈಲ್ಡ್‌ಬೀಸ್ಟ್‌ಗಳು, ಅವುಗಳ ಜೊತೆ ಎರಡು ಲಕ್ಷದಷ್ಟು ಜೀಬ್ರಾಗಳು ಮಳೆ ಮತ್ತು ಹುಲ್ಲನ್ನು ಹಿಂಬಾಲಿಸಿ ಸೆರೆಂಗೆಟಿಯಿಂದ ಮಾರಾಕ್ಕೆ ಬಂದು, ಮತ್ತೆ ದಕ್ಷಿಣಕ್ಕೆ ಮರಳುತ್ತವೆ. ಈ ನಡುವೆ ಮಾರಾ ನದಿಯನ್ನು ದಾಟಲೇಬೇಕು. ನೀರಿನಲ್ಲಿ ಮೊಸಳೆಗಳು, ಎದುರು ದಂಡೆಯಲ್ಲಿ ಸಿಂಹಗಳು. ಈ ದಾಟುವಿಕೆಯ ಕೆಲವೇ ನಿಮಿಷಗಳ ನೋಟಕ್ಕಾಗಿ ಪ್ರಪಂಚದ ಮೂಲೆಮೂಲೆಗಳಿಂದ ಜನ ಬರುತ್ತಾರೆ. ಬೆಂಗಳೂರಿನಿಂದಲೂ ಪ್ರತಿ ವರ್ಷ ಜುಲೈ, ಆಗಸ್ಟ್ ಬಂತೆಂದರೆ ಉದ್ದ ಲೆನ್ಸುಗಳನ್ನು ಹೊತ್ತ ಫೋಟೊ ಟೂರ್ ತಂಡಗಳು ಮಾರಾದ ದಾರಿ ಹಿಡಿಯುತ್ತವೆ. ಕೆನ್ಯಾಕ್ಕೆ ಹೆಚ್ಚು ಪ್ರವಾಸಿಗರನ್ನು ಕಳುಹಿಸುವ ದೇಶಗಳ ಮುಂಚೂಣಿಯಲ್ಲಿ ಭಾರತವೂ ಇದೆ. ಆದ್ದರಿಂದ ಇದು ಕನ್ನಡ ಓದುಗರಿಗೆ ಸಂಬಂಧವಿಲ್ಲದ ದೂರದ ಸಂಗತಿ ಏನಲ್ಲ.

2025ರ ಜುಲೈನಲ್ಲಿ ಸೆರೆಂಗೆಟಿಯ ನದಿ ದಂಡೆಯ ವಿಡಿಯೊವೊಂದು ಎಲ್ಲೆಡೆ ಹರಿದಾಡಿತು. ಸಾಲುಗಟ್ಟಿ ನಿಂತ ಜೀಪುಗಳು. ಅವುಗಳಿಂದ ಕೆಳಗಿಳಿದು ನೀರಿನ ಅಂಚಿಗೇ ಹೋಗಿ ಮೊಬೈಲ್ ಹಿಡಿದು ನಿಂತ ಜನ. ನದಿಗಿಳಿಯಲು ಬಂದ ಪ್ರಾಣಿಗಳಿಗೆ ದಾರಿಯೇ ಇಲ್ಲ. ವಾಹನದಿಂದ ಇಳಿಯಬಾರದು, ದಾಟುವ ಜಾಗಕ್ಕೆ ಅಡ್ಡ ನಿಲ್ಲಬಾರದು ಎಂಬ ನಿಯಮ ಹಿಂದಿನಿಂದಲೂ ಇದೆ. ಪಾಲಿಸುವವರು ಕಡಿಮೆ. ಇದಕ್ಕೆ ಚಾಲಕರನ್ನಷ್ಟೇ ಬೈದು ಫಲವಿಲ್ಲ. ಸಫಾರಿ ಗೈಡ್ ಒಬ್ಬನ ಸಂಪಾದನೆಯಲ್ಲಿ ಟಿಪ್ಸ್ ದೊಡ್ಡ ಪಾಲು. ಹಿಂದಿನ ಸೀಟಿನಲ್ಲಿ ಕುಳಿತವರು ‘ಇನ್ನೂ ಸ್ವಲ್ಪ ಹತ್ತಿರ’ ಎಂದಾಗ ಆಗುವುದಿಲ್ಲ ಎಂದರೆ ಆ ದಿನದ ಟಿಪ್ಸ್ ಹೋಗಬಹುದು, ಸಂಜೆ ಆನ್‌ಲೈನ್‌ನಲ್ಲಿ ಕೆಟ್ಟ ರಿವ್ಯೂ ಬೀಳಬಹುದು. ನಿಯಮ ಮೀರಿದರೆ ರೇಂಜರ್ ಕಣ್ಣಿಗೆ ಬಿದ್ದಾಗ ಮಾತ್ರ ದಂಡ.

ಈ ‘ಇನ್ನೂ ಸ್ವಲ್ಪ ಹತ್ತಿರ’ದ ಬೆಲೆ ಎಷ್ಟೆಂದು ಅಳೆದವರಿದ್ದಾರೆ. ಮಾರಾದಲ್ಲಿ ಚೀತಾಗಳ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದ ವಿಜ್ಞಾನಿ ಫೆಮ್ಕೆ ಬ್ರೂಕ್‌ಹೌಸ್ 2018ರಲ್ಲಿ ಪ್ರಕಟಿಸಿದ ಫಲಿತಾಂಶ ಎದೆ ನಡುಗಿಸುವಂಥದ್ದು. ಪ್ರವಾಸಿ ವಾಹನಗಳು ಕಡಿಮೆ ಇರುವ ಕಡೆ ಒಂದು ತಾಯಿ ಚೀತಾ ಒಂದು ಸೂಲಿನಲ್ಲಿ ಸರಾಸರಿ 2.3 ಮರಿಗಳನ್ನು ಬೆಳೆಸಿ ಸ್ವತಂತ್ರವಾಗಿ ಬಿಡುತ್ತದೆ. ವಾಹನಗಳ ದಟ್ಟಣೆ ಇರುವ ಕಡೆ ಈ ಸರಾಸರಿ 0.2 ಮಾತ್ರ. ಅಂದರೆ ಬಹುತೇಕ ತಾಯಂದಿರು ಒಂದು ಮರಿಯನ್ನೂ ಉಳಿಸಿಕೊಳ್ಳುತ್ತಿಲ್ಲ. ಚೀತಾ ಹಗಲಲ್ಲಿ ಬೇಟೆಯಾಡುವ ಪ್ರಾಣಿ. ಜೀಪುಗಳು ಸುತ್ತುಗಟ್ಟಿದರೆ ಬೇಟೆ ಕೈತಪ್ಪುತ್ತದೆ, ತಾಯಿ ಮರಿಗಳಿಂದ ದೂರವಾಗುತ್ತದೆ. ಯಾರೂ ಗುಂಡು ಹಾರಿಸುವುದಿಲ್ಲ, ಉರುಳು ಹಾಕುವುದಿಲ್ಲ. ಪ್ರಾಣಿಪ್ರೀತಿಯಿಂದಲೇ ಬಂದ ಜನರ ನಡುವೆ ಮರಿಗಳು ಸಾಯುತ್ತವೆ. ಮಾರಾಕ್ಕೆ ಹೋಗುವ ಪ್ರತಿಯೊಬ್ಬ ಫೋಟೊಗ್ರಾಫರ್ ಆ ಎರಡು ಅಂಕಿಗಳನ್ನು ಓದಿಕೊಂಡೇ ಜೀಪು ಹತ್ತಬೇಕು.

ಜೀಪುಗಳ ಗದ್ದಲ ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಸುದ್ದಿಯಾಗುತ್ತದೆ. ಇನ್ನೂ ಆಳದ ಸಂಕಟ ಇರುವುದು ಮೀಸಲು ಪ್ರದೇಶದ ಗಡಿಯಾಚೆ. ಮಸಾಯಿ ಮಾರಾ ಮೀಸಲು ಪ್ರದೇಶ ಸುಮಾರು 1,500 ಚದರ ಕಿ.ಮೀ. ಮಾತ್ರ. ಆ ಗಡಿ ಯಾವ ಆನೆಗೂ ಯಾವ ಜೀಬ್ರಾಕ್ಕೂ ಗೊತ್ತಿಲ್ಲ. ಕೆನ್ಯಾದ ವನ್ಯಜೀವಿಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಭಾಗ ಬದುಕುವುದು ಸರ್ಕಾರಿ ಕಾಡುಗಳ ಹೊರಗೆ, ದನಗಾಹಿಗಳ ನೆಲದಲ್ಲಿ. 1977ರಿಂದ 2016ರ ನಡುವೆ ಆ ದೇಶದ ಹುಲ್ಲುಗಾವಲು ಜಿಲ್ಲೆಗಳಲ್ಲಿ ವನ್ಯಜೀವಿಗಳ ಸಂಖ್ಯೆ ಸರಾಸರಿ ಶೇ 68ರಷ್ಟು ಕುಸಿಯಿತು ಎಂದು ವಿಜ್ಞಾನಿ ಜೋಸೆಫ್ ಒಗುಟು ಮತ್ತು ಸಂಗಡಿಗರ ಅಧ್ಯಯನ ತೋರಿಸಿತು. ಕೆನ್ಯಾದಲ್ಲಿ ಬೇಟೆ ನಿಷೇಧವಾದದ್ದು 1977ರಲ್ಲೇ. ಸಫಾರಿ ಉದ್ಯಮ ಬೆಳೆದು ಹೆಮ್ಮರವಾದದ್ದೂ ಇದೇ ಅವಧಿಯಲ್ಲಿ. ಬೇಟೆ ನಿಂತು ಪ್ರವಾಸಿಗರು ಹೆಚ್ಚಿದರೂ ಪ್ರಾಣಿಗಳು ಕರಗಿದ್ದೇಕೆ?

ಉತ್ತರ ಭೂದಾಖಲೆಗಳಲ್ಲಿದೆ. ಮಾರಾ ಸುತ್ತಲಿನ ನೆಲ ಒಂದು ಕಾಲಕ್ಕೆ ಊರೆಲ್ಲ ಸೇರಿ ದನ ಮೇಯಿಸುವ ಗೋಮಾಳದಂತಿತ್ತು. 1968ರ ಕಾಯ್ದೆ ಅದಕ್ಕೆ ‘ಗ್ರೂಪ್ ರ‍್ಯಾಂಚ್’ ಎಂಬ ಸಾಮೂಹಿಕ ಒಡೆತನದ ರೂಪ ಕೊಟ್ಟಿತು. ಮುಂದೆ, 1990ರ ದಶಕ ಮತ್ತು ಅದರ ನಂತರ, ಈ ರ‍್ಯಾಂಚ್‌ಗಳು ಒಡೆದು ಕುಟುಂಬಕ್ಕೊಂದು ತುಂಡು ಭೂಮಿಯಾಗಿ ಹಂಚಿಹೋದವು. ಹಕ್ಕುಪತ್ರ ಬಹುಮಟ್ಟಿಗೆ ಗಂಡಸರ ಹೆಸರಿಗೇ ಬಂತು. ತುಂಡು ಭೂಮಿ ಕೈಗೆ ಬಂದ ಮೇಲೆ ಒಬ್ಬ ಮಾರಿದ, ಇನ್ನೊಬ್ಬ ಗೋಧಿ ಬೆಳೆಯುವವರಿಗೆ ಗುತ್ತಿಗೆ ಕೊಟ್ಟ, ಮತ್ತೊಬ್ಬ ತನ್ನ ಹುಲ್ಲು ಉಳಿಸಿಕೊಳ್ಳಲು ತಂತಿ ಬೇಲಿ ಹಾಕಿದ. ಲೋಯಿಟಾ ಬಯಲಿನಿಂದ ಮಾರಾಕ್ಕೆ ಬಂದುಹೋಗುತ್ತಿದ್ದ ಇನ್ನೊಂದು ವೈಲ್ಡ್‌ಬೀಸ್ಟ್ ಹಿಂಡು ಹೀಗೆಯೇ ನಮ್ಮ ಕಾಲದಲ್ಲೇ ಬಹುಪಾಲು ಕರಗಿತು. ಬೇಲಿಗೆ ಸಿಕ್ಕಿದ ಪ್ರಾಣಿ ಅಲ್ಲೇ ಸಾಯುತ್ತದೆ; ಉಳಿದವು ಬೇರೆ ದಾರಿ ಇಲ್ಲದೆ ನಿಲ್ಲುತ್ತವೆ. ಬೇಲಿ ಹಾಕಿದವನನ್ನು ದೂರುವುದು ಸುಲಭ. ತನ್ನ ಹೊಲದಲ್ಲಿ ಜೀಬ್ರಾ ಮೇಯ್ದರೆ ಪಕ್ಕದ ಲಾಡ್ಜಿನವನಿಗೆ ಲಾಭ, ತನಗೆ ಹುಲ್ಲಿನ ನಷ್ಟ ಎಂಬ ಲೆಕ್ಕ ಅವನ ಮುಂದಿತ್ತು.

ಆ ಲೆಕ್ಕವನ್ನು ತಿರುಗಿಸಿದ್ದು ಕನ್ಸರ್ವೆನ್ಸಿ ಎಂಬ ವ್ಯವಸ್ಥೆ. 2005ರಲ್ಲಿ ಓಲ್ ಕಿನ್ಯೆಯ್ ಎಂಬಲ್ಲಿ ಶುರುವಾದದ್ದು ಈಗ ಮಾರಾ ಸುತ್ತ ಇಪ್ಪತ್ತಕ್ಕೂ ಹೆಚ್ಚು ಕಡೆ ಹಬ್ಬಿದೆ. ಒಟ್ಟು ವಿಸ್ತೀರ್ಣ ಹೆಚ್ಚುಕಡಿಮೆ ಮೀಸಲು ಪ್ರದೇಶಕ್ಕೆ ಸಮ. ನಡೆಯುವ ಬಗೆ ಸರಳ: ಅಕ್ಕಪಕ್ಕದ ಹತ್ತಾರು, ನೂರಾರು ಭೂಮಾಲೀಕರು ತಮ್ಮ ತುಂಡುಗಳನ್ನು ಕೂಡಿಸಿ ಬೇಲಿ ಇಲ್ಲದ ಒಂದೇ ಬಯಲು ಮಾಡುತ್ತಾರೆ. ಕೆಲವೇ ಕ್ಯಾಂಪ್‌ಗಳು ಆ ಬಯಲನ್ನು ವರ್ಷಾನುಗಟ್ಟಲೆ ಗುತ್ತಿಗೆ ಪಡೆದು, ಪ್ರವಾಸಿಗರು ಬಂದರೂ ಬಾರದಿದ್ದರೂ ಎಕರೆ ಲೆಕ್ಕದಲ್ಲಿ ನಿಗದಿತ ಹಣವನ್ನು ನೇರವಾಗಿ ಮಾಲೀಕರ ಬ್ಯಾಂಕ್ ಖಾತೆಗೆ ಅಥವಾ ಮೊಬೈಲ್‌ಗೆ ಕಳಿಸುತ್ತವೆ. ಇಷ್ಟು ಎಕರೆಗೆ ಇಷ್ಟೇ ಟೆಂಟ್, ಒಂದು ಪ್ರಾಣಿಯ ಸುತ್ತ ಇಷ್ಟೇ ಜೀಪು ಎಂಬ ಮಿತಿ ಇರುತ್ತದೆ. ದನಗಳಿಗೂ ಸರದಿಯ ಮೇಲೆ ಮೇವಿನ ಜಾಗ ಸಿಗುತ್ತದೆ. 2013ರ ವನ್ಯಜೀವಿ ಕಾಯ್ದೆಯಲ್ಲಿ ಕೆನ್ಯಾ ಸರ್ಕಾರ ಇದಕ್ಕೆ ಕಾನೂನಿನ ಮಾನ್ಯತೆಯನ್ನೂ ಕೊಟ್ಟಿತು. ಆಫ್ರಿಕಾದಲ್ಲಿ ಇದಕ್ಕೆ ಜೊತೆಯಾಗಿ ನಿಲ್ಲಿಸಬಹುದಾದ ಪ್ರಯೋಗ ನಮೀಬಿಯಾದ್ದು. ಅಲ್ಲಿ 1996ರ ಕಾನೂನಿನ ಬಲದಿಂದ ಹುಟ್ಟಿದ ಸಮುದಾಯ ಕನ್ಸರ್ವೆನ್ಸಿಗಳು ಇಂದು ದೇಶದ ಸುಮಾರು ಐದನೇ ಒಂದು ಭಾಗದ ನೆಲದಲ್ಲಿ ಹರಡಿವೆ.

ಕುಂದುಗಳಿಲ್ಲದ ವ್ಯವಸ್ಥೆಯೇನೂ ಅಲ್ಲ ಇದು. ಹಕ್ಕುಪತ್ರ ಇಲ್ಲದವರಿಗೆ ಗುತ್ತಿಗೆ ಹಣವೂ ಇಲ್ಲ. ಹೆಂಗಸರು ಮತ್ತು ಭೂಮಿ ಹಂಚುವಾಗ ಚಿಕ್ಕವರಾಗಿದ್ದವರು ಹೊರಗುಳಿದರು. 2020ರಲ್ಲಿ ಕೋವಿಡ್ ಬಂದು ಕ್ಯಾಂಪ್‌ಗಳು ಬಾಗಿಲು ಹಾಕಿದಾಗ ಹಲವು ಕಡೆ ಗುತ್ತಿಗೆ ಹಣಕ್ಕೂ ಕತ್ತರಿ ಬಿತ್ತು. ಒಂದೇ ಉದ್ಯಮವನ್ನು ನೆಚ್ಚಿಕೊಂಡ ಹಟ್ಟಿಗಳಿಗೆ ಆಗ ದನಗಳೇ ಆಸರೆಯಾದವು. ದನ ಬಿಟ್ಟು ಪ್ರವಾಸಿಗರನ್ನು ನಂಬಿ ಎಂದು ಉಪದೇಶಿಸುವವರು ಆ ವರ್ಷವನ್ನು ಮರೆಯಬಾರದು.

ಕಾಡುಪ್ರಾಣಿಗಳ ಜೊತೆ ಬದುಕುವುದರ ಭಾರ ಎಷ್ಟೆಂಬುದಕ್ಕೆ ಕೆನ್ಯಾದ ಇನ್ನೊಂದು ಸಫಾರಿ ತಾಣವಾದ ಅಂಬೊಸೆಲಿ ಕಡೆಯ ಒಂದು ವಾರವೇ ಸಾಕ್ಷಿ. 2023ರ ಮೇ ತಿಂಗಳು. ಅದಕ್ಕೂ ಹಿಂದಿನ ವರ್ಷ ಭೀಕರ ಬರ. 2022ರ ಫೆಬ್ರುವರಿಯಿಂದ ಅಕ್ಟೋಬರ್‌ವರೆಗಿನ ಒಂಬತ್ತು ತಿಂಗಳಲ್ಲಿ ಕೆನ್ಯಾದಲ್ಲಿ 205 ಆನೆಗಳು ಮತ್ತು 512 ವೈಲ್ಡ್‌ಬೀಸ್ಟ್‌ಗಳು ಸತ್ತಿದ್ದನ್ನು ಸರ್ಕಾರವೇ ದಾಖಲಿಸಿತ್ತು. ದನಗಾಹಿಗಳ ಹಿಂಡುಗಳೂ ಬರಿದಾಗಿದ್ದವು. ಅಳಿದುಳಿದ ಆಡುಗಳನ್ನು ಕಾಪಾಡಿಕೊಂಡು ಚೇತರಿಸಿಕೊಳ್ಳುವ ಹೊತ್ತಿಗೆ ಹಸಿದ ಸಿಂಹಗಳು ದೊಡ್ಡಿಗೆ ನುಗ್ಗಿದವು. ಒಂದು ಹಟ್ಟಿಯಲ್ಲಿ ಹನ್ನೊಂದು ಆಡು ಮತ್ತು ಒಂದು ನಾಯಿ ಸತ್ತವು. ಜನ ಭರ್ಜಿ ಹಿಡಿದು ಆರು ಸಿಂಹಗಳನ್ನು ಕೊಂದರು. ಅದೇ ವಾರ ಸತ್ತ ಸಿಂಹಗಳಲ್ಲಿ 19 ವರ್ಷದ ಲೂನ್‌ಕಿಟೊ ಕೂಡ ಇತ್ತು. ಕಾಡಿನ ಸಿಂಹವೊಂದು ಆ ವಯಸ್ಸು ಮುಟ್ಟುವುದು ಬಲು ಅಪರೂಪ. ಲೂನ್‌ಕಿಟೊ ಸತ್ತ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಆ ಆಡುಗಳು ಸುದ್ದಿಯಲ್ಲಿ ಒಂದು ಸಾಲು ಮಾತ್ರ. ಬರ ಕಳೆದ ಮನೆಗೆ ಹನ್ನೊಂದು ಆಡು ಎಂದರೆ ಮಕ್ಕಳ ಶಾಲೆಯ ಶುಲ್ಕ, ಆಸ್ಪತ್ರೆಯ ಖರ್ಚು, ಮುಂದಿನ ವರ್ಷದ ಬದುಕು. ಕೆನ್ಯಾದ 2013ರ ಕಾಯ್ದೆ ಕಾಡುಪ್ರಾಣಿಯಿಂದ ಸತ್ತವರ ಕುಟುಂಬಕ್ಕೆ 50 ಲಕ್ಷ ಶಿಲ್ಲಿಂಗ್ ಪರಿಹಾರ ಗೊತ್ತುಮಾಡಿದೆ, ಜಾನುವಾರಿಗೂ ಪರಿಹಾರ ಉಂಟು. ಆದರೆ ಅರ್ಜಿಗಳು ವರ್ಷಗಟ್ಟಲೆ ಕೊಳೆಯುತ್ತವೆ ಎಂಬ ದೂರು ನಿಂತಿಲ್ಲ. ಸಫಾರಿಯ ಶುಲ್ಕ ದುಪ್ಪಟ್ಟಾಗುವುದಕ್ಕೆ ಒಂದು ಆದೇಶ ಸಾಕು. ಸತ್ತ ಹಸುವಿನ ದುಡ್ಡು ಬರುವುದಕ್ಕೆ ಯಾಕೆ ಇಷ್ಟು ವರ್ಷ ಬೇಕು?

ಗಡಿಯಾಚೆ ತಾಂಜಾನಿಯಾ ಹಿಡಿದ ದಾರಿ ಇದಕ್ಕಿಂತ ಕಠೋರ. ಸೆರೆಂಗೆಟಿಯಲ್ಲಿದ್ದ ಮಸಾಯಿಗಳನ್ನು ಬ್ರಿಟಿಷ್ ಆಡಳಿತ 1959ರಲ್ಲಿ ಅಲ್ಲಿಂದ ಹೊರಗೆ ಕಳಿಸಿ, ಪಕ್ಕದ ಎನ್‌ಗೊರೊಂಗೊರೊದಲ್ಲಿ ಬಾಳಬಹುದು ಎಂದು ಮಾತು ಕೊಟ್ಟಿತು. ಜನ, ಜಾನುವಾರು, ವನ್ಯಜೀವಿ ಒಟ್ಟಿಗೇ ಇರುವ, 8,000 ಚದರ ಕಿ.ಮೀ. ಮೀರಿದ ಆ ಅಪೂರ್ವ ನೆಲ 1979ರಲ್ಲಿ ವಿಶ್ವ ಪಾರಂಪರಿಕ ತಾಣವೂ ಆಯಿತು. ಈಗ ಅಲ್ಲಿಂದಲೂ ಅವರು ಏಳಬೇಕೆಂದು ಒತ್ತಡ. ಸುಮಾರು 600 ಕಿ.ಮೀ. ದೂರದ ಮ್ಸೊಮೆರಾ ಎಂಬಲ್ಲಿ ಮನೆ, ಜಮೀನು ಕೊಡುತ್ತೇವೆ, ಹೋಗುವುದು ಸ್ವಇಚ್ಛೆಯಿಂದ ಎನ್ನುತ್ತದೆ ಸರ್ಕಾರ. ಇದ್ದ ಊರಿನ ಶಾಲೆ, ಆಸ್ಪತ್ರೆಗಳ ಅನುದಾನ ಕಡಿತ ಮಾಡಿ ಹೊರಡುವಂತೆ ಮಾಡಲಾಗುತ್ತಿದೆ ಎನ್ನುತ್ತಾರೆ ಅಲ್ಲಿನವರು. ಹ್ಯೂಮನ್ ರೈಟ್ಸ್ ವಾಚ್ 2024ರಲ್ಲಿ ಪ್ರಕಟಿಸಿದ ವರದಿಯೂ ಅದನ್ನೇ ಹೇಳಿತು.

2022ರ ಏಪ್ರಿಲ್‌ನಲ್ಲಿ ಅಧ್ಯಕ್ಷೆ ಸಾಮಿಯಾ ಸುಲುಹು ಹಸನ್ ಸ್ವತಃ ಗೈಡ್ ಆಗಿ ಕಾಣಿಸಿಕೊಂಡ ‘ದಿ ರಾಯಲ್ ಟೂರ್’ ಎಂಬ ಪ್ರಚಾರ ಚಿತ್ರ ನ್ಯೂಯಾರ್ಕ್‌ನಲ್ಲಿ ಬಿಡುಗಡೆಯಾಯಿತು. 50 ಲಕ್ಷ ಪ್ರವಾಸಿಗರನ್ನು ಸೆಳೆಯುವ ಗುರಿ ಆಗಿನದು. ಎರಡೇ ತಿಂಗಳಲ್ಲಿ, ಜೂನ್‌ನಲ್ಲಿ, ಸೆರೆಂಗೆಟಿಯ ಪೂರ್ವಕ್ಕಿರುವ ಲೊಲಿಯೊಂಡೊದಲ್ಲಿ 1,500 ಚದರ ಕಿ.ಮೀ. ಹುಲ್ಲುಗಾವಲಿಗೆ ಪೊಲೀಸ್ ಕಾವಲಿನಲ್ಲಿ ಗಡಿಕಲ್ಲು ನೆಡಲಾಯಿತು. ವಿರೋಧಿಸಿದವರ ಮೇಲೆ ಗುಂಡು ಹಾರಿತು. ಹತ್ತಾರು ಮಂದಿ ಗಾಯಗೊಂಡರು, ಒಬ್ಬ ಪೊಲೀಸ್ ಬಾಣ ತಗುಲಿ ಸತ್ತರು, ಅನೇಕ ಕುಟುಂಬಗಳು ಗಡಿ ದಾಟಿ ಕೆನ್ಯಾಕ್ಕೆ ಓಡಿದವು. ಯುಎಇ ಮೂಲದ ಕಂಪನಿಯೊಂದಕ್ಕೆ 1990ರ ದಶಕದ ಆರಂಭದಿಂದಲೂ ಬೇಟೆಯ ಪರವಾನಗಿ ಇರುವ ಸೀಮೆ ಅದು. ಹಸು ಮೇಯಿಸುವುದು ಪರಿಸರಕ್ಕೆ ಹಾನಿ, ಹಣ ತೆತ್ತು ಬೇಟೆಯಾಡುವುದು ಸಂರಕ್ಷಣೆ ಎಂಬ ವಾದವನ್ನು ಆ ಜನ ಒಪ್ಪಲಿಲ್ಲ. ಒಪ್ಪುವುದು ಯಾರಿಗೂ ಕಷ್ಟ.

ಸರ್ಕಾರದ ವಾದದಲ್ಲಿ ತಿರುಳೇ ಇಲ್ಲ ಎನ್ನಲಾಗದು. 1959ರಲ್ಲಿ ಎನ್‌ಗೊರೊಂಗೊರೊದಲ್ಲಿ ಸುಮಾರು 8,000 ಮಂದಿ ಇದ್ದರು. ಈಗ ಲಕ್ಷದ ಆಸುಪಾಸು. ಜಾನುವಾರುಗಳೂ ಹೆಚ್ಚಿವೆ. ನೆಲ ಅಷ್ಟೇ ಇದೆ. ಇದು ಕೂತು ಮಾತಾಡಿ ಬಗೆಹರಿಸಬೇಕಾದ ಸಮಸ್ಯೆ. ಆದರೆ ನಡೆದದ್ದು ಬೇರೆ. 2024ರ ಆಗಸ್ಟ್‌ನಲ್ಲಿ ಅಲ್ಲಿನ ಹಳ್ಳಿಗಳ ಮಾನ್ಯತೆಯನ್ನೇ ಸರ್ಕಾರಿ ಅಧಿಸೂಚನೆ ತೆಗೆದುಹಾಕಿತು. ಶುಕಾ ಎಂಬ ಕೆಂಪು ಹೊದಿಕೆ ಹೊದ್ದ ಸಾವಿರಾರು ಜನ ಸೆರೆಂಗೆಟಿಗೆ ಹೋಗುವ ಹೆದ್ದಾರಿಯಲ್ಲಿ ದಿನಗಟ್ಟಲೆ ಕುಳಿತರು. ಪ್ರವಾಸಿ ಜೀಪುಗಳು ಸಾಲುಗಟ್ಟಿ ನಿಂತವು. ಅರುಷಾದ ಹೈಕೋರ್ಟ್ ಅಧಿಸೂಚನೆಗೆ ತಡೆ ಕೊಟ್ಟಿತು. ವರ್ಷದ ಕೊನೆಗೆ ಅಧ್ಯಕ್ಷೆಯೇ ಮಸಾಯಿ ಹಿರಿಯರನ್ನು ಕರೆದು ಮಾತಾಡಿ, ಭೂವಿವಾದ ಮತ್ತು ಸ್ಥಳಾಂತರದ ಬಗ್ಗೆ ಆಯೋಗಗಳನ್ನು ರಚಿಸುವುದಾಗಿ ಹೇಳಬೇಕಾಯಿತು. ಅದೇ ವರ್ಷ ದಕ್ಷಿಣದ ರುವಾಹಾ ರಾಷ್ಟ್ರೀಯ ಉದ್ಯಾನದ ವಿಸ್ತರಣೆಯಲ್ಲಿ ಹಕ್ಕು ಉಲ್ಲಂಘನೆಯ ದೂರುಗಳು ಬಂದು, 15 ಕೋಟಿ ಡಾಲರ್‌ನ ಪ್ರವಾಸೋದ್ಯಮ ಯೋಜನೆಯೊಂದರ ಹಣವನ್ನು ವಿಶ್ವಬ್ಯಾಂಕ್ ತಡೆಹಿಡಿಯಿತು. ನವೆಂಬರ್‌ನಲ್ಲಿ ಯೋಜನೆಯೇ ರದ್ದಾಯಿತು. ಜನರನ್ನು ಎಬ್ಬಿಸಿ ಕಟ್ಟುವ ಪ್ರವಾಸೋದ್ಯಮ ವ್ಯವಹಾರದ ದೃಷ್ಟಿಯಿಂದಲೂ ಅಪಾಯಕಾರಿ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಜನಸಂದಣಿಗೆ ಮೊದಲೇ ಮಿತಿ ಹಾಕಿ ಗೆದ್ದ ಉದಾಹರಣೆಯೂ ಆಫ್ರಿಕಾದಲ್ಲೇ ಇದೆ. ರುವಾಂಡಾ, ಉಗಾಂಡಾಗಳ ಬೆಟ್ಟದ ಗೊರಿಲ್ಲಾಗಳನ್ನು ನೋಡಲು ಒಂದು ಗುಂಪಿಗೆ ದಿನಕ್ಕೆ ಎಂಟೇ ಜನ, ಒಂದೇ ಗಂಟೆ. ರುವಾಂಡಾ 2017ರಲ್ಲಿ ಪರ್ಮಿಟ್ ದರವನ್ನು 750 ಡಾಲರ್‌ನಿಂದ 1,500ಕ್ಕೆ ಏರಿಸಿದಾಗ, ಸುತ್ತಲಿನ ಹಳ್ಳಿಗಳಿಗೆ ಕೊಡುವ ಪಾಲನ್ನೂ ಶೇ 5ರಿಂದ 10ಕ್ಕೆ ಏರಿಸಿತು. 1980ರ ದಶಕದ ಆರಂಭದಲ್ಲಿ ವಿರುಂಗಾ ಬೆಟ್ಟಸಾಲಿನಲ್ಲಿ 250ರ ಆಸುಪಾಸಿಗೆ ಇಳಿದಿದ್ದ ಗೊರಿಲ್ಲಾಗಳು ಈಗ ಅಲ್ಲಿ 600 ದಾಟಿವೆ. ಉಗಾಂಡಾದ ಬ್ವಿಂಡಿ ಕಾಡಿನವನ್ನೂ ಸೇರಿಸಿದರೆ ಒಟ್ಟು 1,063. ಮನುಷ್ಯರ ನಡುವೆ ಇದ್ದೂ ಸಂಖ್ಯೆ ಹೆಚ್ಚಿಸಿಕೊಂಡ ದೊಡ್ಡ ವಾನರ ಬೇರೊಂದಿಲ್ಲ.

ಈ ಗೆಲುವಿನ ಹಿಂದೆ ಪಶುವೈದ್ಯೆ ಗ್ಲ್ಯಾಡಿಸ್ ಕಲೆಮಾ-ಜಿಕುಸೋಕಾ ಅವರಂಥವರ ದುಡಿಮೆ ಇದೆ. 1996ರಲ್ಲಿ ಬ್ವಿಂಡಿಯ ಗೊರಿಲ್ಲಾ ಕುಟುಂಬವೊಂದಕ್ಕೆ ಕಜ್ಜಿ ಹತ್ತಿ ಮರಿಯೊಂದು ಸತ್ತಿತು. ಮೂಲ ಹುಡುಕಿದಾಗ ಸಿಕ್ಕಿದ್ದು ಹೊಲದ ಬೆರ್ಚಪ್ಪ. ಬಾಳೆ ತಿನ್ನಲು ಹೊಲಕ್ಕೆ ಬರುತ್ತಿದ್ದ ಗೊರಿಲ್ಲಾಗಳು ಅದಕ್ಕೆ ತೊಡಿಸಿದ ಹಳೆಯ ಬಟ್ಟೆಗಳನ್ನು ಮುಟ್ಟಿದ್ದವು. ಬಟ್ಟೆಯಲ್ಲಿ ಕಜ್ಜಿಯ ಹುಳ, ಬಟ್ಟೆ ತೊಟ್ಟವರ ಮನೆಯಲ್ಲಿ ಸೋಪಿಗೂ ಔಷಧಕ್ಕೂ ಗತಿಯಿಲ್ಲ. ಗೊರಿಲ್ಲಾ ಉಳಿಯಬೇಕಾದರೆ ಪಕ್ಕದ ಹಳ್ಳಿಯವರು ಆರೋಗ್ಯವಾಗಿರಬೇಕು ಎಂದು ಅರಿತ ಆಕೆ ಮುಂದೆ ಜನ ಮತ್ತು ಪ್ರಾಣಿ ಇಬ್ಬರ ಆರೋಗ್ಯವನ್ನೂ ಒಟ್ಟಿಗೆ ನೋಡುವ ಸಂಸ್ಥೆಯನ್ನೇ ಕಟ್ಟಿದರು. ಪ್ರವಾಸೋದ್ಯಮದ ಹಣ ಹಳ್ಳಿಯ ಆಸ್ಪತ್ರೆಗೆ ಹೋಗಬೇಕೆಂಬ ವಾದಕ್ಕೆ ಆ ಬೆರ್ಚಪ್ಪನಿಗಿಂತ ದೊಡ್ಡ ಸಾಕ್ಷಿ ಬೇಡ.

ಅಲ್ಲೂ ಕಲೆ ಇದೆ. ಬ್ವಿಂಡಿ ರಾಷ್ಟ್ರೀಯ ಉದ್ಯಾನವಾದ 1991ರಲ್ಲಿ ಆ ಕಾಡಿನ ಮೂಲನಿವಾಸಿಗಳಾದ ಬಟ್ವಾ ಜನರನ್ನು ಬರಿಗೈಯಲ್ಲಿ ಹೊರಗೆ ಹಾಕಲಾಯಿತು. ಅವರಿಗೆ ನ್ಯಾಯಯುತ ಪರಿಹಾರ ಸಿಗಬೇಕೆಂದು ಉಗಾಂಡಾದ ಸಾಂವಿಧಾನಿಕ ನ್ಯಾಯಾಲಯ ಹೇಳಿದ್ದು 2021ರಲ್ಲಿ, ಮೂವತ್ತು ವರ್ಷದ ಮೇಲೆ. ಇನ್ನು ಪ್ರವಾಸಿಗರು ಬರುವುದು ನಿಂತರೆ ಏನಾಗುತ್ತದೆ ಎಂಬುದು 2020ರ ಜೂನ್‌ನಲ್ಲಿ ಗೊತ್ತಾಯಿತು. ಲಾಕ್‌ಡೌನ್‌ನ ನಡುವೆ ಕಾಡುಹಂದಿ ಬೇಟೆಗೆ ಹೋದವರ ಕೈಯಲ್ಲಿ ಬ್ವಿಂಡಿಯ ಹೆಸರಾಂತ ಗಂಡು ಗೊರಿಲ್ಲಾ ರಫಿಕಿ ಸತ್ತಿತು. ಅಪರಾಧಿಗೆ 11 ವರ್ಷ ಜೈಲಾಯಿತು.

ದೂರದ ಭಯಕ್ಕೂ ಈ ಉದ್ಯಮ ತಲೆಬಾಗಬೇಕಾಗುತ್ತದೆ. 2014ರಲ್ಲಿ ಲೈಬೀರಿಯಾ, ಗಿನಿ, ಸಿಯೆರಾ ಲಿಯೋನ್‌ಗಳಲ್ಲಿ ಎಬೋಲಾ ಹಬ್ಬಿದಾಗ ಕೆನ್ಯಾ, ತಾಂಜಾನಿಯಾದ ಸಫಾರಿ ಬುಕಿಂಗ್‌ಗಳೂ ರದ್ದಾದವು. ಲೈಬೀರಿಯಾದ ರಾಜಧಾನಿ ಮನ್ರೋವಿಯಾಕ್ಕೆ ನೈರೋಬಿಗಿಂತ ಸ್ಪೇನಿನ ಮ್ಯಾಡ್ರಿಡ್ ಎಷ್ಟೋ ಹತ್ತಿರ. ಮ್ಯಾಡ್ರಿಡ್‌ಗೆ ಹೋಗುವುದನ್ನು ಯಾರೂ ಬಿಡಲಿಲ್ಲ. ಐವತ್ನಾಲ್ಕು ದೇಶಗಳ ಖಂಡವನ್ನು ಒಂದೇ ಊರೆಂದು ತಿಳಿಯುವ ಈ ಅಜ್ಞಾನಕ್ಕೆ ಬಡ ಗೈಡ್‌ಗಳು, ಅಡುಗೆಯವರು ಸಂಬಳ ಕಳೆದುಕೊಂಡರು.

ಆಫ್ರಿಕನ್ನರೇ ಆಫ್ರಿಕಾ ಸುತ್ತುವಂತಾದರೆ ಈ ಏಟು ಸ್ವಲ್ಪ ಮೆತ್ತಗಾದೀತು. ಖಂಡದೊಳಗೆ ವಿಮಾನಗಳು ಮುಕ್ತವಾಗಿ ಹಾರಬೇಕೆಂದು 1999ರಲ್ಲಿ ಐವರಿ ಕೋಸ್ಟ್‌ನ ಯಾಮೂಸುಕ್ರೊದಲ್ಲಿ ನಿರ್ಣಯವಾಯಿತು, 2018ರಲ್ಲಿ ಅದಕ್ಕೆ ಮತ್ತೆ ಚಾಲನೆ ಸಿಕ್ಕಿತು. ಆದರೂ ಒಂದು ಆಫ್ರಿಕನ್ ನಗರದಿಂದ ಇನ್ನೊಂದಕ್ಕೆ ಯುರೋಪ್ ಅಥವಾ ಕೊಲ್ಲಿ ದೇಶ ಸುತ್ತಿ ಹೋಗುವವರು ಇನ್ನೂ ಇದ್ದಾರೆ. ರುವಾಂಡಾ, ಬೆನಿನ್, ಗ್ಯಾಂಬಿಯಾ, ಸೇಶೆಲ್ಸ್ ಮಾತ್ರ ಮೊದಲು ಎಲ್ಲ ಆಫ್ರಿಕನ್ನರಿಗೂ ವೀಸಾ ಇಲ್ಲದೆ ಬಾಗಿಲು ತೆರೆದವು. ಕೆನ್ಯಾ 2025ರಲ್ಲಿ ಹೆಚ್ಚಿನ ಆಫ್ರಿಕನ್ ದೇಶಗಳವರಿಗೆ ತನ್ನ ಆನ್‌ಲೈನ್ ಪ್ರವೇಶ ಪರವಾನಗಿಯಿಂದ ವಿನಾಯಿತಿ ಕೊಟ್ಟದ್ದು ತಡವಾದರೂ ಸರಿಯಾದ ಹೆಜ್ಜೆ.

ದುಡ್ಡು ಸೋರುವ ದಾರಿಗಳು ಹಲವು. ಐಷಾರಾಮಿ ಪ್ರವಾಸಿ ನೈರೋಬಿಯ ವಿಲ್ಸನ್ ವಿಮಾನ ನಿಲ್ದಾಣದಿಂದ ಸಣ್ಣ ವಿಮಾನ ಹತ್ತಿ ನೇರ ಮಾರಾದೊಳಗಿನ ಏರ್‌ಸ್ಟ್ರಿಪ್‌ನಲ್ಲಿ ಇಳಿಯುತ್ತಾನೆ. ಮಾರಾದ ರಸ್ತೆಯಲ್ಲಿ ಸಿಗುವ ನಾರೋಕ್ ಪಟ್ಟಣದ ಅಂಗಡಿ, ಹೋಟೆಲು, ಗ್ಯಾರೇಜ್ ಯಾವುದೂ ಅವನ ಕಣ್ಣಿಗೆ ಬೀಳುವುದಿಲ್ಲ. ಪ್ಯಾಕೇಜಿನ ಹಣ ಅವನ ಊರಿನ ಏಜೆನ್ಸಿಗೆ ಮೊದಲೇ ಸಂದಾಯವಾಗಿರುತ್ತದೆ.  ಇಂಥ ಐಷಾರಾಮಿ ಪ್ರವಾಸಿಗರಿಗಾಗಿ ಮಾರಾದೊಳಗೇ 2025ರ ಆಗಸ್ಟ್‌ನಲ್ಲಿ ಜಾಗತಿಕ ಹೋಟೆಲ್ ಸರಣಿಯೊಂದರ ಅತಿ ದುಬಾರಿ ಕ್ಯಾಂಪ್ ತೆರೆದಾಗ, ಅದು ವೈಲ್ಡ್‌ಬೀಸ್ಟ್‌ಗಳ ದಾರಿಗೆ ಅಡ್ಡಬಂದಿದೆ ಎಂದು ಮಸಾಯಿ ಸಂಶೋಧಕರೊಬ್ಬರು ಕೋರ್ಟಿಗೆ ಹೋದರು. ಅಧಿಕಾರಿಗಳು ಅಲ್ಲಗಳೆದರು. ನದಿ ದಂಡೆಯಲ್ಲಿ ಇನ್ನೆಷ್ಟು ಕ್ಯಾಂಪ್ ಎಂದು ಕೇಳುವುದಕ್ಕೆ ನಿಸರ್ಗವೂ ಕಾರಣ ಕೊಟ್ಟಿದೆ: 2024ರ ಏಪ್ರಿಲ್ ಕೊನೆಗೆ ಟಾಲೆಕ್ ನದಿ ಉಕ್ಕಿ ಹತ್ತಕ್ಕೂ ಹೆಚ್ಚು ಕ್ಯಾಂಪ್‌ಗಳು ಮುಳುಗಿ, ಪ್ರವಾಸಿಗರನ್ನು ಹೆಲಿಕಾಪ್ಟರ್‌ನಲ್ಲಿ ಎತ್ತಬೇಕಾಯಿತು. ಮಾರಾ ನದಿಯ ತಾಯಿಬೇರಾದ ಮಾವ್ ಅರಣ್ಯದ ಸುಮಾರು ಕಾಲುಭಾಗ ಹಿಂದೆಯೇ ಹೊಲ, ಚಹಾತೋಟ, ಊರುಗಳಾಗಿ ಹೋಗಿದೆ. ಮಳೆ ಬಂದರೆ ಪ್ರವಾಹ, ನಿಂತರೆ ಮೊಣಕಾಲುದ್ದ ನೀರು.

ಹಾಗಾದರೆ ಆಗಬೇಕಾದದ್ದೇನು? ಮೀಸಲು ಪ್ರದೇಶದ ಟಿಕೆಟ್ಟಿನಲ್ಲಿ ಸುತ್ತಲಿನ ಹಟ್ಟಿಗಳಿಗೆ ಇಷ್ಟು ಪಾಲು ಎಂದು ಕಾನೂನಿನಲ್ಲೇ ಬರೆದು, ಟಿಕೆಟ್ ಹಣ ಪಡೆಯುವ ನಾರೋಕ್ ಕೌಂಟಿ ಸರ್ಕಾರ ಅದರ ಲೆಕ್ಕವನ್ನು ವರ್ಷಕ್ಕೊಮ್ಮೆ ಊರಿನ ಮುಂದೆ ಇಡಬೇಕು. ಜಾನುವಾರು ಪರಿಹಾರವನ್ನು ಅದೇ ಹಣದಿಂದ ವಾರಗಳೊಳಗೆ ಕೊಡಬೇಕು. ಕನ್ಸರ್ವೆನ್ಸಿಗಳ ಗುತ್ತಿಗೆ ನವೀಕರಿಸುವಾಗ ಹೆಂಡತಿಯ ಹೆಸರೂ ಒಪ್ಪಂದದಲ್ಲಿ ಬರಲಿ; ಪ್ರವಾಸಿಗರಿಲ್ಲದ ವರ್ಷಕ್ಕೆಂದು ಒಂದು ಆಪದ್ಧನ ಇರಲಿ. ಗೈಡ್‌ಗೆ ಟಿಪ್ಸ್ ನೆಚ್ಚದೆ ಬದುಕುವಷ್ಟು ಸಂಬಳ ಸಿಗಲಿ. ನಿಯಮ ಮೀರಿದರೆ ಅವನೊಬ್ಬನ ಬದಲು ಅವನನ್ನು ಕಳಿಸಿದ ಕಂಪನಿಯ ಪರವಾನಗಿ ಅಮಾನತಾಗಲಿ. ತಾಂಜಾನಿಯಾದಲ್ಲಿ ಆಯೋಗಗಳು ಏನೇ ಹೇಳಲಿ, ಮಸಾಯಿಗಳ ಒಪ್ಪಿಗೆಯಿಲ್ಲದೆ ಎನ್‌ಗೊರೊಂಗೊರೊದಿಂದ ಒಂದು ಕುಟುಂಬವೂ ಏಳಬಾರದು.

ಬೆಂಗಳೂರಿನಲ್ಲಿ ಮಾರಾ ಪ್ಯಾಕೇಜ್ ಕೊಳ್ಳುವವರಿಗೂ ಇದರಲ್ಲಿ ಪಾತ್ರವಿದೆ. ಕ್ಯಾಂಪ್ ಯಾರ ನೆಲದಲ್ಲಿದೆ, ಆ ನೆಲದ ಬಾಡಿಗೆ ಯಾರಿಗೆ ಹೋಗುತ್ತದೆ, ಒಂದು ಪ್ರಾಣಿಯ ಹತ್ತಿರ ಎಷ್ಟು ಜೀಪು ನಿಲ್ಲಿಸುತ್ತೀರಿ ಎಂದು ಮುಂಗಡ ಕೊಡುವ ಮೊದಲು ಆಪರೇಟರ್‌ನನ್ನು ಕೇಳಬಹುದು. ಮೂರಕ್ಕೂ ನೇರ ಉತ್ತರ ಕೊಡುವ ಆಪರೇಟರ್‌ಗಳು ಇದ್ದಾರೆ. ಸ್ವಲ್ಪ ಹೆಚ್ಚು ಹಣವಾದರೂ ಅವರ ಬಳಿಯೇ ಹೋಗಬೇಕು. ಕನ್ಸರ್ವೆನ್ಸಿಯಲ್ಲಿ ತಂಗಿದರೆ ಒಂದು ಚೀತಾದ ಸುತ್ತ ಮೂವತ್ತು ಜೀಪು ಇರುವುದಿಲ್ಲ. ತಿಂಗಳ ಕೊನೆಗೆ ಆ ನೆಲದ ಮಾಲೀಕನ ಮೊಬೈಲ್‌ಗೆ ಬಾಡಿಗೆಯ ಸಂದೇಶ ಬರುತ್ತದೆ, ಬೇಲಿ ಹಾಕುವ ಯೋಚನೆಯನ್ನು ಅವನು ಮುಂದಿನ ವರ್ಷಕ್ಕೂ ಮುಂದೂಡುತ್ತಾನೆ.